ರಳ

ಒಂದನೇ ಕ್ಲಾಸಿನ ಹಾಜರಿಯಲ್ಲಿ
ನನ್ನ ಹೆಸರಿನ ನಡುವೆ ಮೇಷ್ಟ್ರ ಪೆನ್ನು ನಿಂತಿತು.
ಯಾ... ಆಮೇಲೆ?
ಅಪ್ಪ ಬಾಯಿ ತೆರೆದು ನಾಲಿಗೆ ಮಡಚಿ ತೋರಿಸಿದ,
ಹಲ್ಲಿನ ಡಾಕ್ಟರ ಮುಂದೆ ಕೂತವನ ಹಾಗೆ.
'ಈ ಅಕ್ಷರ ನಮ್ಮಲ್ಲಿಲ್ಲ ಕಣಪ್ಪ.'
ಮೇಷ್ಟ್ರು ಕೆಟ್ಟವರೇನಲ್ಲ.
'ಶಾಲಿನಿ ಅಂತ ಬರೀಲಾ? ಹತ್ತಿರವೇ ಇದೆ.'
ಹದಿನಾರು ವರ್ಷ
ಹತ್ತಿರದಲ್ಲೇ ಇದ್ದೆ ನಾನು.

ನಮ್ಮದು ಚಾಂಪಿಯನ್ ರೀಫ್ಸಿನ ಲೈನು ಮನೆ.
ಹಿಂದೆ ಸೈನೈಡ್ ದಿಬ್ಬ, ಗಾಳಿ ಎದ್ದರೆ
ಸಾರಿನಲ್ಲೂ ಬೂದಿ ಬಣ್ಣದ ಪುಡಿ.
ತಾತ ಇಳಿಯುತ್ತಿದ್ದ ಶಾಫ್ಟಿನ ಬಾಯಿಗೆ
ಈಗ ಕಾಂಕ್ರೀಟು ಮುಚ್ಚಳ.

ಕೋಲಾರದಲ್ಲಿ ರೂಮು ಹುಡುಕುವಾಗ
ಅನಸೂಯಮ್ಮನವರು ನನ್ನ ಕನ್ನಡ ಕೇಳಿ ಮೆಚ್ಚಿಕೊಂಡರು.
'ಎಷ್ಟು ಚೊಕ್ಕ ಮಾತಾಡ್ತೀಯಮ್ಮಾ! ಯಾವೂರು?'
ಕೆ.ಜಿ.ಎಫ್. ಅಂದೆ.
'ಓ' ಅಂದರು.
ದೀರ್ಘವಲ್ಲ ಆ ಓ, ಪ್ಲುತ.
'ಅಲ್ಲಿ... ಯಾವ ಜನ?'
ಬೀಗದ ಕೈ ಅವರ ಸೊಂಟಕ್ಕೇ ವಾಪಸು ಹೋಯಿತು.

ಹಾಸ್ಟೆಲಿನಲ್ಲಿ ಒಣಮೀನಿನ ಡಬ್ಬಿಗೆ
ಮೂರು ಕವರು ಸುತ್ತಿ ಸೂಟ್‌ಕೇಸಿನ ತಳಕ್ಕಿಟ್ಟೆ.
ಅಮ್ಮನ ಫೋನು ಬಂದರೆ ತಾರಸಿಗೆ ಓಡಿ
ಪಿಸುದನಿಯ ತಮಿಳು.
ನನಗೆ ಯಾರೋ ಇದ್ದಾನೆಂದು
ರೂಮಿನ ಹುಡುಗಿಯರಿಗೆ ಗುಮಾನಿ.

ರಜೆಗೆ ಊರಿಗೆ ಹೋದರೆ ಚಿತ್ತಿ,
'ಬಂದಳಪ್ಪಾ ಕನ್ನಡದ ಪಂಡಿತಮ್ಮ!'
ಮಾತಿನ ನಡುವೆ ನನಗೇ ತಿಳಿಯದೆ
ಒಂದು 'ಆಮೇಲೆ' ನುಸುಳಿದರೆ ಸಾಕು,
ಇಡೀ ಲೈನು ನಗುತ್ತದೆ.

ಎಂ.ಎ. ಎರಡನೇ ಸೆಮಿಸ್ಟರು, ಹಳಗನ್ನಡದ ಪಿರಿಯಡ್ಡು.
ಚಂದ್ರಪ್ರಭಾ ಮೇಡಂ ಬೋರ್ಡಿನ ಮೇಲೆ
ಒಂದೇ ಅಕ್ಷರ ಬರೆದರು.
ೞ
'ಇದು ರಳ. ಒಂದು ಕಾಲಕ್ಕೆ ನಮ್ಮದೇ.
ಈಗ ಅನ್ನೋದಕ್ಕೆ ಯಾರಿಗೂ ಬರಲ್ಲ.
ಪರೀಕ್ಷೆಗೆ ಎರಡು ಮಾರ್ಕು.'
ಮೞೆ. ಬಾೞೆ. ಏೞು.
ಅೞು. ನೆೞಲ್.
ಬೆಂಚಿನ ಕೆಳಗೆ ನನ್ನ ಕಾಲು ನಡುಗಿತು.
ಪುರಾತನವೆಂದು ಅವರು ಬರೆಯುತ್ತಿದ್ದುದೆಲ್ಲ
ನಮ್ಮ ಅಡುಗೆಮನೆಯ ಮಾತು.
ಇಡೀ ಕ್ಲಾಸು ತಡವರಿಸಿ ನಕ್ಕಿತು.
ನಾನು ಕೈ ಎತ್ತಲಿಲ್ಲ.
ಬಚ್ಚಿಟ್ಟು ಬಚ್ಚಿಟ್ಟು ಅಭ್ಯಾಸವಾದ ನಾಲಿಗೆ
ಸಿಕ್ಕಿದ್ದು ತನ್ನದೇ ಎಂದು ನಂಬಲು
ಹೊತ್ತು ಬೇಕು.

ಶನಿವಾರ ಆಯಾ ಪಕ್ಕ ಕೂತು ಕೇಳಿದೆ:
ಮೞೆ ಅನ್ನು, ಒಂದೇ ಒಂದು ಸಲ.
ಲೈನಿನ ಹುಡುಗರು ಅದನ್ನೂ ಈಗ ಮಯೆ ಅನ್ನುತ್ತಾರೆ,
ನನ್ನನ್ನು ಯಾಯಿನಿ.
ಆಯಾ ಕರುವಾಡಿನ ತಲೆ ಮುರಿದು ಬೆಕ್ಕಿಗೆಸೆದಳು.
'ಮೂರು ತಿಂಗಳಿಂದ ಬಂದಿಲ್ಲ ಅದು,
ಸುಮ್ಮನೆ ಯಾಕೆ ಕರೀಲಿ?
ಇದಕ್ಕಾ ಫೀಸು ಕಟ್ಟಿದ್ದು?'
ಸಂಜೆ ಕೊಡ ಎತ್ತಿಕೊಂಡು ನಲ್ಲಿಗೆ ಹೊರಟಾಗ
ಬೆನ್ನ ಹಿಂದಿನಿಂದ ಕೂಗಿದಳು,
ಹಲ್ಲಿಲ್ಲದ ಬಾಯಲ್ಲಿ ನಾಲಿಗೆ ಪೂರಾ ಮಡಚಿ,
ನನ್ನ ಹೆಸರು.
ತಿರುಗಿ ನೋಡಿದೆ. ಏನಿಲ್ಲ,
ಮುಚ್ಚಳ ಮರೆತಿದ್ದೆ.

ಮಂಗಳವಾರ ಕೋರ್ಟಿನ ಮುಂದೆ
ಅಫಿಡವಿಟ್ಟು ಟೈಪು ಮಾಡುವವನ ಎದುರು ನಿಂತಿದ್ದೇನೆ.
ಬರುವ ದಾರಿಯಲ್ಲಿ ಅನಸೂಯಮ್ಮನವರ ಗೇಟಿಗೆ
ಟು-ಲೆಟ್ ಬೋರ್ಡು ಇನ್ನೂ ತೂಗುತ್ತಿತ್ತು.
ಯಾವ ವ್ಯಾಕರಣವೂ ಅದನ್ನು ಇಳಿಸಲಾರದು, ಗೊತ್ತು.

'ಹಳೇ ಹೆಸರು ಶಾಲಿನಿ. ಹೊಸದು?'
ಹೊಸದಲ್ಲ ಸಾರ್, ಅಂದು
ಚೀಟಿ ಕೊಟ್ಟೆ: ಯಾೞಿನಿ.
ಅವನು ಚೀಟಿ ತಿರುಗಿಸಿದ, ಕನ್ನಡಕ ಏರಿಸಿದ,
ಕೀಬೋರ್ಡು ನೋಡಿದ.
'ಈ ಅಕ್ಷರ ನಮ್ಮಲ್ಲಿಲ್ಲಮ್ಮ.'

ಇದೆ ಸಾರ್.
ಹುಡುಕಿ.
ಸ್ಟೂಲು ಎಳೆದುಕೊಂಡು ಕೂತೆ.