ಹದಿನೇಳನೆಯ ಲಕೋಟೆ

ನಿನಗೆ ನೆನಪಿರಲು ಸಾಧ್ಯವಿಲ್ಲ ಬಿಡು,
ಆಗ ನಿನಗಿನ್ನೂ ಎಂಟು ತಿಂಗಳು,
ಕೆಳಗೆ ಎರಡು ಹಲ್ಲು.
ನನಗೆ ಇಪ್ಪತ್ತಾರು. ಚೀಲದಲ್ಲಿ
ಅಲ್ಲಲ್ಲಿ ಕೇಳಿ ತಂದ ಗೋಧಿ ಕಾಳಿನ
ನಲವತ್ತು ಲಕೋಟೆ,
ಮಿಕ್ಕ ಜಾಗದ ತುಂಬ ನಿನ್ನ ಲಂಗೋಟಿ.

ಮೊಲೆ ಬಿಡದ ಕೂಸನ್ನು ಕಟ್ಟಿಕೊಂಡು
ಅಷ್ಟು ದೂರ ಹೋಗುತ್ತಾರೇನೇ ಯಾರಾದರೂ, ಎಂದಿದ್ದರು.
ಯಾರೂ ಹೋಗುವುದಿಲ್ಲ, ನಿಜ.
ಬಿಟ್ಟು ಹೋಗುವುದು ಹೇಗೆಂದು ಮಾತ್ರ
ಯಾರೂ ಹೇಳಿಕೊಡಲಿಲ್ಲ.

ಟಿಬಿಲಿಸಿಯಿಂದ ಜುಗ್ದಿದಿಗೆ ರಾತ್ರಿ ರೈಲು,
ದೀಪವಿಲ್ಲದ ಡಬ್ಬಿ, ನಾಲ್ಕು ಬರ್ತು.
ಮೇಲೊಂದರಲ್ಲಿ ಬೂಟು ಬಿಚ್ಚದ ಸಿಪಾಯಿ ಹುಡುಗ,
ಇನ್ನೊಂದರಲ್ಲಿ ಕಂಬಳಿ ಹೊದ್ದು ಮಲಗಿದ ಟೀವಿ.
ಅದಕ್ಕೂ ಟಿಕೆಟ್ಟು ತೆಗೆಸಿದ್ದಳು ತ್ಸಿಯಾಲಾ,
ಕರಿ ರುಮಾಲು, ಗಂಡಸಿನ ಕೋಟು,
ನಮ್ಮೆದುರು ಕೂತವಳು.

ನೀನು ಅತ್ತೆ. ಮಾಮ, ಮಾಮ, ಎಂದೆ.
ಅವಳು ಮೇಣದ ಬತ್ತಿ ಹಚ್ಚಿ
ಹುಡುಗನ ಬೂಟಿಗೆ ಬಡಿದು ಎಬ್ಬಿಸಿದಳು.
ಅವರ ಭಾಷೆಯಲ್ಲಿ ಮಾಮ ಎಂದರೆ ಅಪ್ಪ.
ಅಪ್ಪನನ್ನು ಕರೆದು ಅಳುವ ಕೂಸನ್ನು
ಗಂಡಸೊಬ್ಬ ಎತ್ತಿಕೊಳ್ಳಲೇಬೇಕಲ್ಲ!
ಕಣ್ಣುಜ್ಜುತ್ತ ಇಳಿದು ಬಂದ, ನಿನ್ನನ್ನು
ಬಂದೂಕಿನ ಹಾಗೆ ಎರಡೂ ಕೈಯಲ್ಲಿ
ದೂರ ಹಿಡಿದು ನಿಂತ.
ನಮ್ಮಲ್ಲಿ ಮಾಮ ಎಂದರೆ ಅಮ್ಮನ ತಮ್ಮ
ಎನ್ನಲು ನನ್ನ ಬಳಿ ಪದವಿರಲಿಲ್ಲ.
ಬೇಕಾಗಲೂ ಇಲ್ಲ, ನೀನಾಗಲೇ
ಅವನ ಅಂಗಿಯ ಗುಂಡಿ ಚೀಪುತ್ತಿದ್ದೆ.

ನನ್ನ ರವಿಕೆ ಹಾಲಿಗೆ ತೊಯ್ದದ್ದು ಕಂಡು
ತ್ಸಿಯಾಲಾ ಕೋಟು ಬಿಚ್ಚಿ ಮರೆ ಹಿಡಿದಳು.
ಜೋಳದ ದಪ್ಪ ರೊಟ್ಟಿ ಮುರಿದು ಬಾಯಿಗೇ ಇಟ್ಟಳು.
ಆಮೇಲೆ ಮಾತಾಡಿದಳು, ಕೈಯಲ್ಲಿ.

ಎರಡು ಬೆರಳು ಮೇಜಿನ ಮೇಲೆ ನಡೆದವು,
ರೊಟ್ಟಿಯ ಚೂರಿನ ಮುಂದೆ ನಿಂತವು.
ಬೆಟ್ಟ, ಎಂದುಕೊಂಡೆ.
ಅದರ ಮೇಲೆ ಚಿಟಿಕೆ ಉಪ್ಪು ಉದುರಿಸಿದಳು.
ಹಿಮ. ತಲೆಯಾಡಿಸಿದೆ.
ಅಂಗೈಯನ್ನು ಸೊಂಟದ ಮಟ್ಟಕ್ಕೆ ಹಿಡಿದಳು,
ಇನ್ನೊಂದನ್ನು ಮಂಡಿಯ ಮಟ್ಟಕ್ಕೆ.
ಇಬ್ಬರು ಮಕ್ಕಳು! ಬೆಟ್ಟಕ್ಕೆ ಪ್ರವಾಸ!
ನಕ್ಕೆ. ಚೆಂದ, ಎಂದೆ, ಕನ್ನಡದಲ್ಲೇ.
ಬೆರಳುಗಳು ಆಚೆ ಬದಿಗೆ ಇಳಿದ ಮೇಲೆ
ಒಂದೇ ಅಂಗೈ ಎದ್ದಿತು, ಸೊಂಟದ್ದು.
ಮತ್ತೊಂದನ್ನು ಮಡಿಲಲ್ಲಿ ಮಡಿಸಿಟ್ಟಳು.
ಚಿಕ್ಕದು ಮನೆಯಲ್ಲಿರಬೇಕು, ಎಂದುಕೊಂಡೆ
ನಿದ್ದೆಗಣ್ಣಿನಲ್ಲಿ. ಮತ್ತೊಮ್ಮೆ ನಕ್ಕೆ.

ಅವಳು ನನ್ನನ್ನು ತಿದ್ದಲಿಲ್ಲ.
ಚೆಲ್ಲಿದ ಉಪ್ಪನ್ನು ಬೆರಳ ತುದಿಗೆ
ಒತ್ತಿ ಒತ್ತಿ ತೆಗೆದಳು. ನಿನ್ನ ಪಾದಗಳನ್ನು
ತನ್ನ ಕೋಟಿನೊಳಗೆ ಎಳೆದುಕೊಂಡಳು.
ಎಂಟು ತಿಂಗಳಲ್ಲಿ ಮೊದಲ ಸಲ
ನಾನು ಐದು ತಾಸು ಒಂದೇ ಸಮ ಮಲಗಿದೆ.

ಬೆಳಗಾದಾಗ ಹದಿನೇಳನೆಯ ಲಕೋಟೆ ಹರಿದಿತ್ತು.
ನಿನ್ನ ಗಲ್ಲದ ಮೇಲೆ ಹೊಟ್ಟು.
ಬಾಯಿಂದ ತೆಗೆದ ಎರಡು ಒದ್ದೆ ಕಾಳನ್ನು
ಕಳ್ಳಮಾಲು ಒಪ್ಪಿಸುವಂತೆ ನನ್ನ ಕೈಗಿಟ್ಟಳು ಅವಳು.
ವರದಿಯಲ್ಲಿ ಬರೆದೆ: ೧೭, ಮಾದರಿ ಲಭ್ಯವಿಲ್ಲ.
ಆ ಎರಡನ್ನು ಎಲ್ಲಿಟ್ಟೆನೋ, ಈಗ ಸಿಕ್ಕುತ್ತಿಲ್ಲ.

ಪ್ಲಾಟ್‌ಫಾರಮ್ಮಿನಲ್ಲಿ ಉದ್ದನೆಯ ಹುಡುಗನೊಬ್ಬ
ಟೀವಿ ಹೊರಲು ಬಂದಿದ್ದ. ತ್ಸಿಯಾಲಾ
ತನ್ನ ಸೊಂಟ ತೋರಿಸಿ, ಅವನ ನೆತ್ತಿ ತೋರಿಸಿ
ಹೆಮ್ಮೆಯಿಂದ ನಕ್ಕಳು.
ಅವನ ಹಿಂದೆ ಇನ್ನೊಬ್ಬರು ಬರುತ್ತಾರೆಂದು
ನಾನು ನೋಡುತ್ತ ನಿಂತೆ.

ನಿನಗೆ ಎರಡು ತುಂಬಿದ ದಿನ
ಬಾಗಿಲ ಚೌಕಟ್ಟಿಗೆ ನಿಲ್ಲಿಸಿ,
ನೆತ್ತಿಯ ಮೇಲೆ ಅಂಗೈ ಇಟ್ಟು
ಪೆನ್ಸಿಲಿಗೆ ತಡಕುತ್ತಿದ್ದೆ.
ನೀನು ಕೆಳಗಿಂದ ಸರಕ್ಕನೆ ಜಾರಿ ಓಡಿದೆ.
ಅಂಗೈ ಅಲ್ಲೇ ಉಳಿಯಿತು, ಗಾಳಿಯಲ್ಲಿ,
ಮಂಡಿಗಿಂತ ಒಂದಿಷ್ಟು ಮೇಲೆ.