ಬುಡದ ಗುರುತು

ಪಾದ್ರಿ ಮಸ್ಕರೇನ್ಹಸ್ ಅದನ್ನು ಟವೆಲಿನಲ್ಲಿ ಸುತ್ತಿ
ಸ್ಕೂಟರಿನಲ್ಲಿ ತಂದರು, ಕೋಳಿಮರಿ ತಂದ ಹಾಗೆ.
"ಬಾಯಿ ಸೊಟ್ಟಗಾಗಿದೆ ಚಾತುಕುಟ್ಟಿ, ಪೂಜೆಯಲ್ಲಿ ಚೆಲ್ಲುತ್ತದೆ.
ಇನ್ನೂರೈವತ್ತು ವರ್ಷದ್ದಂತೆ. ಜರ್ಮನಿಯದಂತೆ. ಜೋಪಾನ."

ಅವರು ಹೋದ ಮೇಲೆ ಬಾಗಿಲು ಒರಗಿಸಿ
ಬಟ್ಟಲನ್ನು ಮಗುಚಿದೆ, ಅಣ್ಣಾ.
(ಹೆಸರು ತಿಳಿಯದವರೆಲ್ಲ ಅಣ್ಣನೇ
ವಿರಾಜಪೇಟೆಯ ಈ ಓಣಿಯಲ್ಲಿ.)

ಬುಡದಲ್ಲಿ ಸಾಸಿವೆಯಷ್ಟು ಎರಡಕ್ಷರ, ನನಗೆ ಓದಲು ಬಾರದ್ದು.
ಪಕ್ಕದಲ್ಲೊಂದು ಕಾಯಿ, ಮೈಯೆಲ್ಲ ಚಿಪ್ಪು.
ಅನಾನಸು ಅಂದೆ. ಭೂತಗನ್ನಡಿ ಕಸಿದುಕೊಂಡು
ಪೈನ್ ಮರದ ಕಾಯಿ ಅಂದಳು ಮಗಳು, ಪುಸ್ತಕದಲ್ಲಿದೆಯಂತೆ.
ಅದರ ಕೆಳಗೆ ಉಳಿಯಿಂದ ಕೆರೆದ ಹಾವಿನ ಗೆರೆ.
ನಕ್ಕುಬಿಟ್ಟೆ.
ಬೆಳ್ಳಿ ಸಾಚಾ ಹೌದೋ ಅಂತ
ನಿನ್ನೂರಲ್ಲೂ ಯಾರೋ ಕೆರೆದು ನೋಡಿದ್ದಾರೆ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ:
ನಿಮ್ಮ ಭಾಷೆಯಲ್ಲಿ ಇದನ್ನು ಹೇಗೆ ಬೈಯುತ್ತಾರೆ?

ಒಳಮೈಯಲ್ಲಿ ಏಟುಗಳು ತಿರುಗಾ ವಾಲಿವೆ.
ನೀನು ಎಡಚ.
ಒಂದು ಸಾಲನ್ನು ಮಾತ್ರ ಎರಡು ಸಲ ಬಡಿದಿದ್ದೀ.
ಅವತ್ತು ಯಾರು ಕೂಗಿದರು? ಹೆಂಡತಿಯೋ, ಸಾಲ ಕೊಟ್ಟವನೋ?

ತಿರುಪು ಬಿಚ್ಚಿದೆ. ಕಂಬದೊಳಗೆ, ಯಾರೂ ನೋಡದ ಕಡೆ
ಒಂದು ಸೀಳು, ಮೇಲೆ ಉಗುರಿನಷ್ಟು ತೇಪೆ.
ಹೊರಗೆ ಸರಿಯಾಗಿ ಅಲ್ಲೇ ಒಂದು ಎಲೆ ಕೆತ್ತಿದ್ದೀ,
ನನ್ನ ಕಣ್ಣಿಗೆ ಮೆಣಸಿನ ಬಳ್ಳಿಯದು, ನಿನಗೆ ದ್ರಾಕ್ಷಿಯದಿರಬೇಕು.
ಬೇರೆಲ್ಲೂ ಎಲೆಯಿಲ್ಲ.
ಇಷ್ಟು ಕಾಲ ಜನ ಮೊಣಕಾಲೂರಿ ನೋಡಿದ್ದು
ಆ ಎಲೆಯನ್ನೇ.

ಹೇಳಬೇಡ, ನಾನೂ ಹೇಳುವುದಿಲ್ಲ.
ನನ್ನ ಜೋಮಾಲೆಯ ಗುಂಡುಗಳ ಹೊಟ್ಟೆಯಲ್ಲಿ ಅರಗಿದೆ;
ಕೊಕ್ಕೆತಾತಿಯ ಹೆಡೆಯ ಹಿಂದೆ ನನ್ನದೊಂದು ಕೈತಪ್ಪು
ಅಮ್ಮತ್ತಿಯ ಯಾವುದೋ ಮನೆಯ ಸೊಸೆಯ ಎದೆಗೆ
ತಣ್ಣಗೆ ತಾಗಿಕೊಂಡಿದೆ.

ಮೂರು ದಿನ. ಮರದ ಸುತ್ತಿಗೆ, ಊದುಗೊಳವೆ, ಬಿಳಿಗಾರ.
ಬಾಯಿ ನೆಟ್ಟಗಾಯಿತು. ಅರ ಹಾಕುವಾಗ ಉದುರಿದ ಪುಡಿ
ಎರಡು ಗುಲಗಂಜಿ ತೂಗಲಿಕ್ಕಿಲ್ಲ.
ಪೊಟ್ಟಣ ಕಟ್ಟಿ ಪಾದ್ರಿಗೆ ಕೊಡಬೇಕೆಂದೇ ಇದ್ದೆ, ದೇವರಾಣೆ.
ಅಷ್ಟರಲ್ಲಿ ಮಗಳು ಹಲಗೆ ಗುಡಿಸಿ
ಎಲ್ಲವನ್ನೂ ಒಂದೇ ಮೂಸೆಗೆ ಸುರಿದಿದ್ದಳು.

ಹಾಗಾಗಿ ಅಣ್ಣಾ, ನಿನ್ನ ಬೆಳ್ಳಿಯ ಚೂರೊಂದು
ಈ ಭಾನುವಾರ ಬಿಟ್ಟಂಗಾಲದ ಮದುಮಗನ ಸೊಂಟದಲ್ಲಿ
ಪೀಚೆಕತ್ತಿಯ ಒರೆಯಾಗಿ
ವಾಲಗಕ್ಕೆ ಕುಣಿಯುತ್ತದೆ.

ಕೂಲಿ ಬೇಡ ಅಂದೆ ಪಾದ್ರಿಗೆ.
ಅವರು ಅದನ್ನು ಭಕ್ತಿ ಅಂದುಕೊಂಡರು.