ಕಿಂಡಿ

ಮೂರನೇ ಬೋರ್ಡೂ ಸತ್ತ ದಿನ
ಗೋಕುಲ ರೋಡಿನ ನಮ್ಮ ಶೆಡ್ಡಿನಲ್ಲಿ
ಯಾರೂ ಚಹಾಕ್ಕೆ ಏಳಲಿಲ್ಲ.
ಮೌನೇಶ ಬಡಿಗೇರ ಅದನ್ನು ಅಂಗೈಯಲ್ಲಿ ತೂಗಿ ನೋಡಿ
"ಇಟ್ಟಂಗಿ ಆತ್ರಿ ಅಕ್ಕಾರ" ಅಂದ.
ಹನ್ನೊಂದು ಸಾವಿರ ರೂಪಾಯಿಯ ಇಟ್ಟಂಗಿ,
ಬ್ಯಾಡಗಿಯ ತೂಕದ ಪೆಟ್ಟಿಗೆಯೊಳಗೆ ಕೂರಬೇಕಾದದ್ದು.

ಕೊಂದವಳು ನಾನೇ.
ಒಂದೇ ಸಾಲು. ಬೂಟಿನ ಸರದಿಯಲ್ಲಿ
ಯಾರು ಮೊದಲು ಏಳಬೇಕೆಂದು ಬರೆಯುವಾಗ
ಎರಡು ಬೈಟು ಹೆಚ್ಚು ಬರೆದೆ.
ಕರೆಂಟು ಹೋದರೂ ಮರೆಯದ ಜಾಗ ಅದು,
ತಪ್ಪನ್ನೂ ಮರೆಯಲಿಲ್ಲ.

ಆ ರಾತ್ರಿ ಕೋಡನ್ನು ಮೇಲಿಂದ ಕೆಳಗೆ ಓದಿದೆ.
ಎಲ್ಲೆಲ್ಲಿಂದಲೂ ಕೈಗಳು!
ಗಡಿಯಾರ ತಿದ್ದುವ ಫಂಕ್ಷನ್ನು,
ಪರದೆಯ ಮೇಲೆ ನಮಸ್ಕಾರ ಮೂಡಿಸುವ ಬಡಪಾಯಿ ಕೂಡ
ನೆಟ್ಟಗೆ ಉಗ್ರಾಣಕ್ಕೆ ನುಗ್ಗಿ
ಡಬ್ಬಿಯ ಮುಚ್ಚಳ ತೆಗೆಯುತ್ತಿತ್ತು.
ಅವ್ವನ ಅಡುಗೆಮನೆಯಲ್ಲಿ ಇದು ನಡೆಯುತ್ತಿರಲಿಲ್ಲ.

ಕಿಂಡಿ ಇಡೋಣ ಅಂದುಕೊಂಡೆ.
ಕೇಶ್ವಾಪುರದ ರೇಷನ್ ಅಂಗಡಿಯಲ್ಲಿದ್ದಂಥದ್ದು:
ಕೈ ಹಿಡಿಸುವಷ್ಟು, ತಲೆ ಹಿಡಿಸದಷ್ಟು.
ಓದಿ ಹೇಳು, ಬರೆದಿಡು, ಅಳಿಸಿಬಿಡು,
ಇಷ್ಟೇ ಮಾತು ಅಲ್ಲಿ.
ಆಚೆ ಕೂತವನು ಯಾರು ಎಂಬುದು
ಈಚೆಯವನ ಚಿಂತೆಯಲ್ಲ.

ಬರೀ ಹೆಸರು ಸಾಲದು, ಅದನ್ನೂ ಕಿಂಡಿಗೆ ಕಲಿಸಬೇಕಾಯಿತು.
ನಮ್ಮ ಓಣಿಯಲ್ಲಿ ಈರಪ್ಪಾ ಎಂದು ಕೂಗಿ ನೋಡಿ,
ನಾಲ್ಕು ಬಾಗಿಲು ತೆರೆಯುತ್ತವೆ;
ಉಳ್ಳಾಗಡ್ಡಿ ಈರಪ್ಪ ಎಂದರೆ ಒಂದೇ.
ಫರ್ಮ್‌ವೇರಿನಲ್ಲೂ ಪ್ರತಿ ಹೆಸರಿಗೊಂದು ಅಡ್ಡಹೆಸರು,
ಮೂವತ್ತೆರಡು ಅಂಕಿ ಅಕ್ಷರಗಳದ್ದು,
ಬಾಯಲ್ಲಿ ಹಿಡಿಯದ್ದು.

ಆಮೇಲೆ ಆಚೆ ಕಡೆ ಒಬ್ಬ ಸುಳ್ಳುಗಾರನನ್ನು ಕೂರಿಸಿದೆ.
ಅವನ ಬಳಿ ಚಿಪ್ಪಿಲ್ಲ, ಸೋಲ್ಡರಿಲ್ಲ,
ನೆನಪಿನಲ್ಲೊಂದು ಪಟ್ಟಿ ಮಾತ್ರ.
ಪ್ರೋಗ್ರಾಮು ಮುಗಿದರೆ ಎಲ್ಲ ಮರೆಯುತ್ತಾನೆ,
ಅದೇ ಅವನ ಯೋಗ್ಯತೆ.
ಒಂದು ನಿಮಿಷದಲ್ಲಿ ನಾನೂರು ಸಲ
ಬರೆದೆ, ಅಳಿಸಿದೆ, ಬೇಕೆಂದೇ ತಪ್ಪು ಬರೆದೆ.
ಯಾರೂ ಸಾಯಲಿಲ್ಲ. ಎಲ್ಲ ಸಾಲೂ ಹಸಿರು.
"ಇಂವ ಭಾಳ ಚಲೋ ಮನಶ್ಯಾ" ಅಂದ ಮೌನೇಶ.
ಆ ಮಾತಿನೊಳಗಿದ್ದ ಅನುಮಾನ ನನಗೆ ಕೇಳಲಿಲ್ಲ.

ಸೋಮವಾರ ನಿಜವಾದ ಬೋರ್ಡಿಗೆ ಹಾಕಿದೆವು.
ಬರೆದಿಡು, ಎಂದಿತು ಪ್ರೋಗ್ರಾಮು.
ಜಾಗ ಇಲ್ಲ, ಎಂದಿತು ಬೋರ್ಡು.
ಹುಟ್ಟಿದಾಗಿನಿಂದ ಇಲ್ಲ ಎಂಬ ಮಾತನ್ನೇ ಕೇಳಿರದ ನನ್ನ ಕೂಸು
ಕಣ್ಣು ಕಣ್ಣು ಬಿಡುತ್ತ ನಿಂತುಬಿಟ್ಟಿತು,
ಅರ್ಧ ಬರೆದ ಸರದಿ ಕೈಯಲ್ಲೇ.

ಶೆಡ್ಡಿನ ಯಜಮಾನರು ದಾವಲಸಾಬ ನದಾಫ,
ಮೊದಲು ತಕ್ಕಡಿ ರಿಪೇರಿ ಮಾಡುತ್ತಿದ್ದವರು,
ಕನ್ನಡಕ ಹಣೆಗೇರಿಸಿ ಕೇಳಿದರು:
"ನಿನ್ನ ಸುಳ್ಳುಗಾರ ಯಾವಾಗರೆ ಇಲ್ಲ ಅಂತಾನೇನವಾ?"
ಅನ್ನೋದಿಲ್ಲ.
"ಹಂಗಾರ ಅಂವಗ ಸುಳ್ಳ ಹೇಳಾಕ ಬರಂಗಿಲ್ಲ ತಗೋ.
ತಕ್ಕಡಿ ನೋಡಾಕ ನಾವು
ಖೊಟ್ಟಿ ಕಲ್ಲೂ ಒಂದ್ ಇಟ್ಕೊಂಡಿರ್ತಿದ್ವಿ."

ವಾರವೆಲ್ಲ ಅವನಿಗೆ ನಿರಾಕರಿಸುವುದನ್ನು ಕಲಿಸಿದೆ.
ಆ ಹೆಸರಿನವರು ಇಲ್ಲಿಲ್ಲ ಅನ್ನು.
ನೀನು ತಂದ ಚೀಲ ಸಣ್ಣದು, ಇಷ್ಟು ದೊಡ್ಡದು ತಾ ಅನ್ನು.
ಇದು ಓದಲಿಕ್ಕೆ ಮಾತ್ರ, ಮುಟ್ಟಬೇಡ ಅನ್ನು.
ಆರನೇ ಸಲ ಬರೆಯುವಾಗ
ಕಾರಣ ಹೇಳದೆ ಸುಮ್ಮನೆ ಕೈಕೊಡು.
ಹೇಳಿದ ಹೊತ್ತಿಗೆ ಹೇಳಿದ ಹಾಗೇ ಕೈಕೊಡುತ್ತಾನೆ,
ನಿಜವಾದ ಚಿಪ್ಪಿಗೆ ಬಾರದ ವಿದ್ಯೆ.
ಹಸಿರಿದ್ದ ಸಾಲುಗಳು ಒಂದೊಂದಾಗಿ ಕೆಂಪಾದವು,
ಬ್ಯಾಡಗಿಯಲ್ಲಿ ಚೀಲ ಸುರಿದ ಅಂಗಳದ ಹಾಗೆ,
ನನಗೆ ಖುಷಿಯಾಯಿತು.

ಸತ್ತ ಮೂರು ಬೋರ್ಡಿನಲ್ಲಿ ಒಂದು
ದಾವಲಸಾಬರ ಬಿಲ್ಲುಗಳ ಮೇಲೆ ಕೂತಿದೆ, ಫ್ಯಾನಿನ ಗಾಳಿಗೆ.
ಇನ್ನೆರಡು ಎಲ್ಲಿವೆಯೋ.

ನಿನ್ನೆ ಮಾರ್ಕೆಟಿನಿಂದ ಫೋನು,
ಗುಮಾಸ್ತನಿಗೆ ಸಿಟ್ಟು:
"ನಿಮ್ಮ ಪೆಟಗಿ ಜಾಗಾ ಇಲ್ಲ, ಜಾಗಾ ಇಲ್ಲ ಅನ್ನಾಕತ್ತೈತ್ರಿ!"
ತೂಕ?
"ತೂಕ ಮಾಡಾಕತ್ತೈತಿ."